ಮೆಕ್ಯಾನಿಕಲ್‌ನಿಂದ ಸಂಖ್ಯಾಶಾಸ್ತ್ರಕ್ಕೆ: ಒಂದೇ ವಿಶ್ವವಿದ್ಯಾಲಯದೊಳಗೆ ಕಾಲೇಜು ಬದಲಿಸಿದ ಒಂದು ಪ್ರಕರಣ

ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿ, ಮೇಜರ್ (ಅಂದರೆ ಪದವಿಯ ಮುಖ್ಯ ವಿಷಯ) ಮೆಕ್ಯಾನಿಕಲ್. ಮೂರು ಸೆಮಿಸ್ಟರ್ ಮುಗಿದಿವೆ. ಗಳಿಸಿದ್ದು 47 ಕ್ರೆಡಿಟ್ (ಒಂದೊಂದು ಕೋರ್ಸಿಗೂ ಇರುವ ತೂಕ), ಒಟ್ಟು ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, 4ಕ್ಕೆ 2.6. ಅದೇ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿಗೆ ಹೋಗಿ ಕಂಪ್ಯೂಟರ್ ಸೈನ್ಸ್ ಓದಬೇಕು ಅನ್ನುವುದು ಅವಳ ಆಸೆ. ವಿದ್ಯಾರ್ಥಿ ಸಲಹೆಗಾರ್ತಿಯಾಗಿ ನನ್ನ ಮುಂದೆ ಬಂದ ಪ್ರಕರಣ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಅವಳ ಮೊದಲ ಪ್ರಶ್ನೆ ಎಲ್ಲರೂ ಕೇಳುವುದೇ. "ಮೇಡಂ, ನನ್ನ ಕ್ರೆಡಿಟ್ ಎಲ್ಲಾ ಅಲ್ಲಿಗೆ ಬರುತ್ತವಾ?"

ಬರುತ್ತವೆ. ವಿಶ್ವವಿದ್ಯಾಲಯ ಒಂದೇ ಆಗಿರುವುದರಿಂದ 47ಕ್ಕೆ 47 ಕ್ರೆಡಿಟ್ಟೂ ಅಂಕಪಟ್ಟಿಯಲ್ಲಿ ಇದ್ದೇ ಇರುತ್ತವೆ. ಆದರೆ ಆ ಉತ್ತರದಿಂದ ಅವಳಿಗೆ ಏನೂ ತಿಳಿಯುವುದಿಲ್ಲ. ಹೊಸ ಮೇಜರಿನಲ್ಲಿ ಅವು ಯಾವ ಲೆಕ್ಕಕ್ಕೆ ಸೇರುತ್ತವೆ, ಇನ್ನೂ ಎಷ್ಟು ಕೋರ್ಸ್‌ಗಳನ್ನು ಒಂದಾದ ಮೇಲೆ ಒಂದರಂತೆ ಮುಗಿಸಬೇಕು, ಇವೆರಡು ಗೊತ್ತಾದರೆ ಮಾತ್ರ ಎಷ್ಟು ಕಾಲ ಹೋಗುತ್ತದೆ ಅಂತ ಹೇಳಬಹುದು.

ಮುಂದೆ ಹೋಗುವ ಮೊದಲು ಒಂದು ಮಾತು. ಮೇಜರ್ ಬದಲಿಸುವವರೆಲ್ಲ ದಾರಿ ತಪ್ಪಿದವರು ಅನ್ನುವ ಭಾವನೆ ಮನೆಗಳಲ್ಲಿ ಇನ್ನೂ ಇದೆ. ಅಮೆರಿಕದ ಶಿಕ್ಷಣ ಇಲಾಖೆಯ ಅಂಕಿಅಂಶ ಕೇಂದ್ರ 2017ರಲ್ಲಿ ಒಂದು ವರದಿ ಪ್ರಕಟಿಸಿತು. 2011-12ರಲ್ಲಿ ಕಾಲೇಜು ಸೇರಿ ಮೇಜರ್ ಆರಿಸಿಕೊಂಡಿದ್ದವರಲ್ಲಿ ಸುಮಾರು ಶೇ. 30ರಷ್ಟು ಜನ ಮೂರು ವರ್ಷದೊಳಗೆ ಒಮ್ಮೆಯಾದರೂ ಅದನ್ನು ಬದಲಿಸಿದ್ದರು. ಪದವಿ ಓದುತ್ತಿದ್ದವರಲ್ಲಿ ಗಣಿತದಿಂದ ಶುರು ಮಾಡಿದವರನ್ನು ಮಾತ್ರ ನೋಡಿದರೆ ಅದು ಶೇ. 52. ಅರ್ಧಕ್ಕಿಂತ ಜಾಸ್ತಿ! ಹಾಗಾಗಿ ಈ ಹುಡುಗಿ ಮಾಡಹೊರಟದ್ದು ವಿಚಿತ್ರವೇನಲ್ಲ. ವಿಚಿತ್ರವಾಗಿದ್ದದ್ದು ಅವಳ ಅಂಕಪಟ್ಟಿ.

ಒಟ್ಟು 2.6 ಅಂತ ನೋಡಿದರೆ ಸಾಧಾರಣ ವಿದ್ಯಾರ್ಥಿನಿ ಅನ್ನಿಸುತ್ತದೆ. ಅದನ್ನೇ ಒಡೆದು ನೋಡಿದೆವು. ಕ್ಯಾಲ್ಕುಲಸ್‌ನ ಮೂರು ಕೋರ್ಸ್ ಮತ್ತು ಒಂದು ಪ್ರೋಗ್ರಾಮಿಂಗ್ ಕೋರ್ಸ್, ಒಟ್ಟು 15 ಕ್ರೆಡಿಟ್. ಇವುಗಳ ಸರಾಸರಿ 3.65. ಎಂಜಿನಿಯರಿಂಗಿನವೇ ಆದ ಡ್ರಾಯಿಂಗ್, ಸ್ಟ್ಯಾಟಿಕ್ಸ್, ಥರ್ಮೋಡೈನಮಿಕ್ಸ್, ಮೆಟೀರಿಯಲ್ಸ್, ಪರಿಚಯದ ಕೋರ್ಸ್ ಸೇರಿ 14 ಕ್ರೆಡಿಟ್. ಇವುಗಳ ಸರಾಸರಿ 1.53. ಭೌತಶಾಸ್ತ್ರ, ರಸಾಯನಶಾಸ್ತ್ರ, ಬರವಣಿಗೆಯಂಥವು ನಡುವೆ ಎಲ್ಲೋ ಇದ್ದವು. ಒಬ್ಬರದೇ ಪಟ್ಟಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದ ಹಾಗಿತ್ತು.

"ಥರ್ಮೋಡೈನಮಿಕ್ಸ್ ಅಷ್ಟು ಕಷ್ಟ ಆಯ್ತಾ?" ಅಂತ ಕೇಳಿದೆ.

"ಕಷ್ಟ ಅಂತಲ್ಲ ಮೇಡಂ. ಓದೋಕೆ ಕೂತರೆ ಎದ್ದು ಹೋಗೋಣ ಅನ್ನಿಸ್ತಿತ್ತು."

"ಕಂಪ್ಯೂಟರ್ ಸೈನ್ಸೇ ಯಾಕೆ?"

ಸ್ವಲ್ಪ ಹೊತ್ತು ಯೋಚಿಸಿದಳು. ಜೊತೆಯವರೆಲ್ಲ ಅಲ್ಲಿಗೇ ಹೋಗುತ್ತಿದ್ದಾರೆ, ಕೆಲಸ ಬೇಗ ಸಿಗುತ್ತದಂತೆ ಅಂದಳು. ಪ್ರೋಗ್ರಾಮಿಂಗ್ ಕೋರ್ಸಿನಲ್ಲಿ ಏನು ಇಷ್ಟವಾಯಿತು ಅಂತ ಕೇಳಿದಾಗ ಬಂದ ಉತ್ತರ ಬೇರೆ. ಕೊನೆಯ ಅಸೈನ್‌ಮೆಂಟಿನಲ್ಲಿ ದೊಡ್ಡದೊಂದು ದತ್ತಾಂಶ ಕೊಟ್ಟು, ಅದರಲ್ಲಿ ಏನಿದೆ ಹುಡುಕಿ ಅಂದಿದ್ದರಂತೆ. ಗಡುವು ಮುಗಿದ ಮೇಲೂ ಅದನ್ನು ಬಿಡದೆ ಕೆದಕುತ್ತಿದ್ದಳಂತೆ. ಪ್ರೋಗ್ರಾಂ ಬರೆಯುವುದಕ್ಕಿಂತ ಅಂಕಿಗಳ ಒಳಗೆ ಏನಿದೆ ಅನ್ನುವುದು ಅವಳನ್ನು ಹಿಡಿದಿತ್ತು. ನಾನು ಸಂಖ್ಯಾಶಾಸ್ತ್ರದ ಹೆಸರು ಎತ್ತಿದೆ. ಅವಳ ಮುಖದಲ್ಲಿ ಅಂಥ ಉತ್ಸಾಹವೇನೂ ಕಾಣಲಿಲ್ಲ. ಸರಿ, ಎರಡರ ಲೆಕ್ಕವನ್ನೂ ಹಾಕೋಣ ಅಂತ ಕೂತೆವು.

ಮೊದಲು ಬಾಗಿಲಿನ ಲೆಕ್ಕ. ಕಂಪ್ಯೂಟರ್ ಸೈನ್ಸ್‌ನಲ್ಲಿ ಸೀಟು ಸೀಮಿತ. ಒಳಗಿನಿಂದ ಬರುವವರು ಅರ್ಜಿ ಹಾಕುವುದಕ್ಕೇ ಒಟ್ಟು ಜಿಪಿಎ 3.0 ಇರಬೇಕು. ಸಂಖ್ಯಾಶಾಸ್ತ್ರಕ್ಕೆ 2.75 ಸಾಕು, ಜೊತೆಗೆ ಕ್ಯಾಲ್ಕುಲಸ್‌ನಲ್ಲಿ ಒಳ್ಳೆಯ ಗ್ರೇಡ್ ಇರಬೇಕು. ಮುಂದಿನ ಸೆಮಿಸ್ಟರಿನಲ್ಲಿ ಅವಳು 16 ಕ್ರೆಡಿಟ್ ತೆಗೆದುಕೊಳ್ಳಬಹುದಿತ್ತು. ಇದುವರೆಗಿನ 47 ಕ್ರೆಡಿಟ್ಟನ್ನು 2.6ರಿಂದ ಗುಣಿಸಿದರೆ 122.2 ಪಾಯಿಂಟ್. ಮುಂದಿನ ನಾಲ್ಕೂ ಕೋರ್ಸಿನಲ್ಲಿ ಎ, ಅಂದರೆ ಕ್ರೆಡಿಟ್ಟಿಗೆ 4 ಪಾಯಿಂಟ್, ಬಂದರೂ ಸೇರುವುದು 64. ಒಟ್ಟು 186.2. ಅದನ್ನು 63 ಕ್ರೆಡಿಟ್ಟಿಗೆ ಭಾಗಿಸಿದರೆ 2.96.

ಅಂದರೆ ಒಂದು ತಪ್ಪೂ ಮಾಡದೆ ಓದಿದರೂ ಒಂದು ಸೆಮಿಸ್ಟರಿನಲ್ಲಿ 3.0 ಮುಟ್ಟುವುದು ಸಾಧ್ಯವಿರಲಿಲ್ಲ. ಶ್ರಮ ಸಾಲದು, ಬುದ್ಧಿ ಸಾಲದು ಅನ್ನುವ ಮಾತೇ ಇಲ್ಲಿ ಬರುವುದಿಲ್ಲ. ಗಳಿಸಿದ ಕ್ರೆಡಿಟ್ ಹೆಚ್ಚಿದಷ್ಟೂ ಸರಾಸರಿ ಅಲುಗಾಡುವುದು ಕಡಿಮೆ. ಮೊದಲ ಸೆಮಿಸ್ಟರ್ ಮುಗಿದಾಗ ಸುಲಭಕ್ಕೆ ಏರುವ ಜಿಪಿಎ ನಾಲ್ಕನೆಯದರ ಹೊತ್ತಿಗೆ ಭಾರವಾಗಿರುತ್ತದೆ. "ಇನ್ನೊಂದು ಸೆಮಿಸ್ಟರ್ ನೋಡಿಕೊಂಡು ಆಮೇಲೆ ತೀರ್ಮಾನ ಮಾಡ್ತೀನಿ" ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

2.75ಕ್ಕೆ ಏನು ಬೇಕು? 63 ಕ್ರೆಡಿಟ್ಟಿಗೆ 173.25 ಪಾಯಿಂಟ್. ಈಗಿರುವ 122.2 ಕಳೆದರೆ 51.05. ಅದನ್ನು 16ರಿಂದ ಭಾಗಿಸಿದರೆ 3.19. ಬಿ ಪ್ಲಸ್ ಆಸುಪಾಸಿನ ಒಂದು ಸೆಮಿಸ್ಟರ್. ಗಣಿತದಲ್ಲಿ ಅವಳು ಅದಕ್ಕಿಂತ ಮೇಲೇ ಇದ್ದಳು.

ಕಂಪ್ಯೂಟರ್ ಸೈನ್ಸ್ ಅಲ್ಲಿಗೆ ಕೈತಪ್ಪಿತು. ಆ ದಿನ ಬೇಜಾರಾಗಿ ಹೋದಳು, ನಿಜ. ಆದರೆ ಸುಮ್ನೆ ಆಸೆ ಇಟ್ಟುಕೊಂಡು ಅರ್ಜಿ ತಿರಸ್ಕಾರವಾಗುವವರೆಗೆ ಕಾದು ಇನ್ನೊಂದು ಸೆಮಿಸ್ಟರ್ ಕಳೆಯುವುದಕ್ಕಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ಎರಡನೆಯದು ಕ್ರೆಡಿಟ್‌ಗಳು ಎಲ್ಲಿ ಬೀಳುತ್ತವೆ ಅನ್ನುವುದು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲೇ ಜಾಸ್ತಿ ಗೊಂದಲ. ಪದವಿಗೆ 120 ಕ್ರೆಡಿಟ್ ಬೇಕು ಅಂದರೆ ಯಾವುದಾದರೂ 120 ಅಲ್ಲ. ಮೇಜರಿನ ಕೋರ್ಸ್‌ಗಳು ಒಂದು ಪಾಲು. ಕಾಲೇಜು ತನ್ನ ಎಲ್ಲ ವಿದ್ಯಾರ್ಥಿಗಳಿಗೂ ಹಾಕಿದ ನಿಯಮಗಳು ಇನ್ನೊಂದು ಪಾಲು: ಬರವಣಿಗೆ, ವಿಜ್ಞಾನ, ಸಮಾಜ ವಿಜ್ಞಾನ, ಭಾಷೆ ಹೀಗೆ. ಉಳಿದದ್ದು ಇಷ್ಟಬಂದ ಎಲೆಕ್ಟಿವ್.

ಈ ಹಂಚಿಕೆಗೆ ಒಂದು ಇತಿಹಾಸವಿದೆ. ಚಾರ್ಲ್ಸ್ ಎಲಿಯಟ್ 1869ರಿಂದ 1909ರವರೆಗೆ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದರು. ಕಡ್ಡಾಯ ಪಾಠಗಳನ್ನು ಒಂದೊಂದಾಗಿ ತೆಗೆದು, ಬೇಕಾದದ್ದನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಆಯ್ಕೆ ಜಾಸ್ತಿಯಾಗಿ ಓದು ಚೆಲ್ಲಾಪಿಲ್ಲಿಯಾಯಿತು ಅನ್ನುವ ದೂರು ಬಂತು. ಅವರ ನಂತರ ಬಂದ ಲಾರೆನ್ಸ್ ಲೋವೆಲ್, ಒಂದು ವಿಷಯದಲ್ಲಿ ಆಳ, ಹಲವು ವಿಷಯಗಳಲ್ಲಿ ಹರವು, ಎರಡೂ ಇರಬೇಕು ಅಂತ ನಿಯಮ ತಂದರು. ಇಂದು ಅನೇಕ ಕಡೆ ಮೇಜರಿನ ನಿಯಮ ಬೇರೆ, ಕಾಲೇಜಿನ ನಿಯಮ ಬೇರೆ ಇರುವುದರ ಹಿಂದೆ ಇಂಥ ಎಳೆದಾಟ ಇದೆ. ಅದೇ ಕಾಲೇಜಿನೊಳಗೆ ಮೇಜರ್ ಬದಲಿಸಿದರೆ ಒಂದು ಪಾಲು ಮಾತ್ರ ಬದಲಾಗುತ್ತದೆ. ಕಾಲೇಜನ್ನೇ ದಾಟಿದರೆ ಎರಡೂ ಬದಲಾಗುತ್ತವೆ. ನಮ್ಮ ಹುಡುಗಿ ಕಾಲೇಜು ದಾಟುವವಳು.

ಅವಳ 47ನ್ನು ಹೊಸ ಚೌಕಟ್ಟಿಗೆ ಹಂಚಿದೆವು. ಕ್ಯಾಲ್ಕುಲಸ್ 12, ಪ್ರೋಗ್ರಾಮಿಂಗ್ 3, ಇವು ನೇರವಾಗಿ ಮೇಜರಿಗೆ. ಭೌತಶಾಸ್ತ್ರದ 8 ವಿಜ್ಞಾನದ ನಿಯಮಕ್ಕೆ. ಬರವಣಿಗೆ 3, ಅರ್ಥಶಾಸ್ತ್ರ 3, ಆಯಾ ನಿಯಮಗಳಿಗೆ. ಅಲ್ಲಿಗೆ 29. ವಿಜ್ಞಾನದ ಪಾಲು ತುಂಬಿದ್ದರಿಂದ ರಸಾಯನಶಾಸ್ತ್ರದ 4 ಎಲೆಕ್ಟಿವ್‌ಗೆ ಬಿತ್ತು. ಎಂಜಿನಿಯರಿಂಗಿನ 14 ಕೂಡ ಅಲ್ಲಿಗೇ. ಒಟ್ಟು 18. ಆದರೆ ಹೊಸ ಪದವಿಯಲ್ಲಿ ಎಲೆಕ್ಟಿವ್‌ಗೆ ಇದ್ದ ಜಾಗ 12 ಮಾತ್ರ. ಆರು ಕ್ರೆಡಿಟ್ ಅಂಕಪಟ್ಟಿಯಲ್ಲಿ ಇರುತ್ತವೆ, ಪದವಿಗೆ ಉಪಯೋಗವಿಲ್ಲ.

ಅವಳ ಅಪ್ಪ ಒಮ್ಮೆ ಫೋನಿನಲ್ಲಿ ಮಾತಾಡಿದರು. "ಒಂದೂವರೆ ವರ್ಷ ದಂಡವಾಯ್ತಲ್ಲ ಮೇಡಂ?" ಅಂದರು. 47ರಲ್ಲಿ 41 ಲೆಕ್ಕಕ್ಕೆ ಬರುತ್ತವೆ, ದಂಡವಾಗುವುದು 6 ಅಂದೆ. ಅವರು ನಂಬಲಿಲ್ಲ ಅನ್ನಿಸಿತು. ಪಟ್ಟಿಯನ್ನು ಮಗಳ ಕೈಯಲ್ಲಿ ಕಳಿಸಿಕೊಟ್ಟೆ. ಆದರೆ ಇದನ್ನೂ ಹೇಳಬೇಕು: 41 ಅನ್ನುವುದು ಅಷ್ಟು ಚೆನ್ನಾಗಿ ಕಾಣುವುದಕ್ಕೆ ಆ 12 ಎಲೆಕ್ಟಿವ್ ಕಾರಣ. ಅಲ್ಲಿಗೆ ಎಂಜಿನಿಯರಿಂಗ್ ಕೋರ್ಸ್‌ಗಳು ತುಂಬಿಕೊಂಡವು ಅಂದರೆ ಮುಂದೆ ಇಷ್ಟಪಟ್ಟು ಓದಲು ಒಂದೂ ಖಾಲಿ ಜಾಗ ಉಳಿಯಲಿಲ್ಲ. ಸಂಗೀತವೋ ತತ್ವಶಾಸ್ತ್ರವೋ ಅಂತ ಅವಳು ಅಂದುಕೊಂಡಿದ್ದರೆ ಅದು ಹೋಯಿತು. ಬೆಲೆ ಅಲ್ಲಿದೆ.

ಉಳಿದದ್ದು 79 ಕ್ರೆಡಿಟ್, ಐದು ಸೆಮಿಸ್ಟರ್. ಒಂದಕ್ಕೆ ಹದಿನಾರರ ಹತ್ತಿರ. ಆಗುವಂಥದ್ದೇ ಅನ್ನಿಸುತ್ತದೆ. ಬಹಳ ಜನ ಲೆಕ್ಕವನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ಬಿಕ್ಕಟ್ಟು ಇದ್ದದ್ದು ಮುಂದೆ.

ಸಂಖ್ಯಾಶಾಸ್ತ್ರದ ಮೇಜರಿನಲ್ಲಿ ಐದು ಕೋರ್ಸ್‌ಗಳು ಒಂದರ ಬಾಲ ಒಂದು ಹಿಡಿದಿದ್ದವು. ಲೀನಿಯರ್ ಆಲ್ಜೀಬ್ರಾ ಮುಗಿಸದೆ ಪ್ರಾಬಬಿಲಿಟಿ ಇಲ್ಲ. ಪ್ರಾಬಬಿಲಿಟಿ ಇಲ್ಲದೆ ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಇಲ್ಲ. ಅದಾದ ಮೇಲೆ ರಿಗ್ರೆಷನ್. ಕೊನೆಗೆ ಪ್ರಾಜೆಕ್ಟ್ ಕೋರ್ಸ್. ಇವನ್ನು ಜೊತೆಜೊತೆಗೆ ತೆಗೆದುಕೊಳ್ಳಲು ಬರುವುದಿಲ್ಲ. ಎಷ್ಟೇ ಬುದ್ಧಿವಂತರಾದರೂ ಐದು ಸೆಮಿಸ್ಟರ್ ಬೇಕೇ ಬೇಕು. ಅವಳಿಗೆ ಉಳಿದಿದ್ದದ್ದೂ ಸರಿಯಾಗಿ ಐದೇ.

ಸಾಲದ್ದಕ್ಕೆ ಪ್ರಾಬಬಿಲಿಟಿ ವರ್ಷಕ್ಕೊಮ್ಮೆ, ಬೆಸ ಸೆಮಿಸ್ಟರಿನಲ್ಲಿ ಮಾತ್ರ. ಪ್ರಾಜೆಕ್ಟ್ ಕೋರ್ಸ್ ಸಮ ಸೆಮಿಸ್ಟರಿನಲ್ಲಿ ಮಾತ್ರ.

ನಾಲ್ಕನೇ ಸೆಮಿಸ್ಟರಿನಲ್ಲೇ ಲೀನಿಯರ್ ಆಲ್ಜೀಬ್ರಾ ಮುಗಿಸಿದರೆ ಐದರಲ್ಲಿ ಪ್ರಾಬಬಿಲಿಟಿ, ಆರು, ಏಳು, ಎಂಟು, ಮುಗಿಯಿತು. ಅದನ್ನು ಐದನೆಯದಕ್ಕೆ ತಳ್ಳಿದರೆ? ಆರರಲ್ಲಿ ಪ್ರಾಬಬಿಲಿಟಿ ನಡೆಯುವುದಿಲ್ಲ. ಏಳರವರೆಗೆ ಕಾಯಬೇಕು. ಎಂಟರಲ್ಲಿ ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್, ಒಂಬತ್ತರಲ್ಲಿ ರಿಗ್ರೆಷನ್, ಹತ್ತರಲ್ಲಿ ಪ್ರಾಜೆಕ್ಟ್. ನಾಲ್ಕೇ ಕ್ರೆಡಿಟ್ಟಿನ ಒಂದು ಕೋರ್ಸ್ ತಪ್ಪಿದರೆ ಒಂದಿಡೀ ವರ್ಷ. ಕ್ರೆಡಿಟ್ ಎಣಿಸುತ್ತಾ ಕೂತವರಿಗೆ ಇದು ಕಾಣುವುದೇ ಇಲ್ಲ. ವಿಭಾಗದ ಕೈಪಿಡಿಯಲ್ಲಿ ಯಾವ ಕೋರ್ಸ್ ಯಾವಾಗ ನಡೆಯುತ್ತದೆ ಅನ್ನುವ ಸಾಲು ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿ ಇರುತ್ತದೆ.

ಇನ್ನೊಂದು ತೊಡಕು. ಅರ್ಜಿಯ ತೀರ್ಮಾನ ಬರುವುದು ನಾಲ್ಕನೇ ಸೆಮಿಸ್ಟರಿನ ಕೊನೆಗೆ. ಲೀನಿಯರ್ ಆಲ್ಜೀಬ್ರಾ ತೆಗೆದುಕೊಳ್ಳಬೇಕಾದದ್ದು ಅದರ ಮೊದಲಿಗೆ. ಅಂದರೆ ಒಪ್ಪಿಗೆ ಸಿಗುವ ಮುಂಚೆಯೇ, ಇನ್ನೂ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇರುವಾಗಲೇ ಹೊಸ ದಾರಿಯಲ್ಲಿ ನಡೆಯಲು ಶುರು ಮಾಡಬೇಕು. ಒಪ್ಪಿಗೆ ಸಿಗದೇ ಹೋದರೆ?

ಆ ಸೆಮಿಸ್ಟರಿಗೆ ಕೋರ್ಸ್ ಆರಿಸಲು ಒಂದೇ ಪರೀಕ್ಷೆ ಇಟ್ಟುಕೊಂಡೆವು. ಹೋದರೂ ಲೆಕ್ಕಕ್ಕೆ ಬರಬೇಕು, ಉಳಿದರೂ ಬರಬೇಕು. ಲೀನಿಯರ್ ಆಲ್ಜೀಬ್ರಾ ಮೆಕ್ಯಾನಿಕಲ್‌ಗೂ ಬೇಕು. ಡಿಫರೆನ್ಷಿಯಲ್ ಈಕ್ವೇಷನ್ಸ್ ಅಲ್ಲಿ ಕಡ್ಡಾಯ, ಇಲ್ಲಿ ಗಣಿತದ ಮೇಲಿನ ಹಂತದ ಕೋರ್ಸಾಗಿ ನಡೆಯುತ್ತದೆ. ಸಂಖ್ಯಾಶಾಸ್ತ್ರದ ಮೊದಲ ಕೋರ್ಸ್ ಎಂಜಿನಿಯರಿಂಗಿನಲ್ಲಿ ತಾಂತ್ರಿಕ ಎಲೆಕ್ಟಿವ್ ಆಗುತ್ತದೆ. ವಿಜ್ಞಾನ ಕಾಲೇಜಿಗೆ ಬೇಕಾದ ಭಾಷೆಯ ಕೋರ್ಸ್ ಎಂಜಿನಿಯರಿಂಗಿನಲ್ಲಿ ಮಾನವಿಕದ ನಿಯಮಕ್ಕೆ ಸಲ್ಲುತ್ತದೆ. ನಾಲ್ಕೂ ನಾಲ್ಕು ಕ್ರೆಡಿಟ್ಟಿನವು. ನಾಲ್ಕೂ ಪಾಸಾದವು.

ಇದಕ್ಕೂ ಬೆಲೆ ಇತ್ತು. ಸ್ಟ್ಯಾಟಿಕ್ಸ್‌ನಲ್ಲಿ ಅವಳಿಗೆ ಬಂದಿದ್ದು ಡಿ ಪ್ಲಸ್. ಮುಂದಿನ ಡೈನಮಿಕ್ಸ್‌ಗೆ ಹೋಗಬೇಕಾದರೆ ಅದರಲ್ಲಿ ಸಿ ಇರಬೇಕು. ಅಂದರೆ ಸ್ಟ್ಯಾಟಿಕ್ಸ್ ಮತ್ತೆ ಓದಬೇಕು. ಆ ಸೆಮಿಸ್ಟರಿನಲ್ಲೇ ಅದನ್ನು ಸೇರಿಸಿದ್ದರೆ ಮೆಕ್ಯಾನಿಕಲ್‌ನ ದಾರಿ ತೆರೆದಿರುತ್ತಿತ್ತು. ಆದರೆ ಭಾಷೆಯನ್ನೋ ಸಂಖ್ಯಾಶಾಸ್ತ್ರದ ಕೋರ್ಸನ್ನೋ ಬಿಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಬೇಡವಾದ ವಿಷಯಕ್ಕೆ ಹೋಗುವ ಹೊತ್ತು ಉಳಿದ ಗ್ರೇಡ್‌ಗಳನ್ನು ಕೆಳಗೆ ಎಳೆಯುತ್ತಿತ್ತು. 3.19 ಬೇಕಿರುವಾಗ ಅದು ಸಣ್ಣ ಮಾತಲ್ಲ. ಬಿಡು ಅಂತ ನಾನು ಹೇಳಿದೆ. ಅರ್ಜಿ ತಿರಸ್ಕಾರವಾದರೆ ಮೆಕ್ಯಾನಿಕಲ್ ಒಂದು ವರ್ಷ ತಡವಾಗುತ್ತದೆ ಅನ್ನುವುದನ್ನು ಕಾಗದದಲ್ಲಿ ಬರೆದು ತೋರಿಸಿದೆ. ಅವಳು ಅದನ್ನು ಮನೆಗೆ ತೆಗೆದುಕೊಂಡು ಹೋಗಿ, ಮಾತಾಡಿ, ವಾಪಸ್ ಬಂದು ಸರಿ ಅಂದಳು. ಎಲ್ಲ ಬಾಗಿಲನ್ನೂ ತೆರೆದಿಡುತ್ತೇನೆ ಅನ್ನುವವರು ಸಾಮಾನ್ಯವಾಗಿ ಯಾವುದರೊಳಗೂ ಸಲೀಸಾಗಿ ಹೋಗುವುದಿಲ್ಲ.

ಹಣ ಮತ್ತು ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಅವಳ ಎರಡು ವಿದ್ಯಾರ್ಥಿವೇತನಗಳಲ್ಲಿ ಒಂದು ವಿಶ್ವವಿದ್ಯಾಲಯದ್ದು, ಅದು ಮುಂದುವರಿಯಿತು. ಇನ್ನೊಂದು ಎಂಜಿನಿಯರಿಂಗ್ ಕಾಲೇಜಿನದು, ಕಾಲೇಜು ಬಿಟ್ಟ ದಿನವೇ ನಿಂತಿತು. ಕಾಲೇಜಿನಿಂದ ಕಾಲೇಜಿಗೆ ಶುಲ್ಕವೂ ಬೇರೆ ಇರಬಹುದು, ಎರಡನ್ನೂ ಒಟ್ಟಿಗೆ ನೋಡಬೇಕು. ಅವಳು ಪಾಲಿಸಬೇಕಾದದ್ದು ದಾಟಿದ ವರ್ಷದ ಪಠ್ಯ ನಿಯಮ, ಸೇರಿದ ವರ್ಷದ್ದಲ್ಲ. ಇದನ್ನು ರಿಜಿಸ್ಟ್ರಾರ್ ಕಚೇರಿಯಿಂದ ಬರಹದಲ್ಲೇ ಪಡೆದೆವು. ಬೇರೆ ದೇಶದಿಂದ ಬಂದು ಓದುವವರಾದರೆ ವೀಸಾ ದಾಖಲೆಯಲ್ಲಿ ಓದುವ ವಿಷಯ ನಮೂದಾಗಿರುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಬೇಕು. ಅವಳಿಗೆ ಆ ತಾಪತ್ರಯ ಇರಲಿಲ್ಲ.

ಅರ್ಜಿಯ ಜೊತೆ ಒಂದು ಪುಟದ ಹೇಳಿಕೆ ಕೊಡಬೇಕಿತ್ತು. ಅವಳ ಮೊದಲ ಕರಡಿನಲ್ಲಿ ಮುಕ್ಕಾಲು ಪಾಲು ಎಂಜಿನಿಯರಿಂಗ್ ಯಾಕೆ ಹಿಡಿಸಲಿಲ್ಲ ಅನ್ನುವುದೇ. ಓದುವ ಸಮಿತಿಗೆ ಅದು ಬೇಕಾಗಿಲ್ಲ. ಅವರು ನೋಡುವುದು ಮೂರು ಸಂಗತಿ: ಈ ವಿಷಯ ಏನೆಂದು ಇವಳಿಗೆ ಗೊತ್ತಿದೆಯಾ, ಮೊದಲ ಮೆಟ್ಟಿಲುಗಳನ್ನು ಹತ್ತಿದ್ದಾಳಾ, ಹೊತ್ತಿಗೆ ಸರಿಯಾಗಿ ಮುಗಿಸುತ್ತಾಳಾ. ಎರಡನೇ ಕರಡಿನಲ್ಲಿ ಆ ದತ್ತಾಂಶದ ಅಸೈನ್‌ಮೆಂಟ್ ಬಂತು. ಕಡಿಮೆ ಗ್ರೇಡ್‌ಗಳನ್ನು ಅವಳು ಮುಚ್ಚಿಡಲಿಲ್ಲ. 3.65 ಮತ್ತು 1.53 ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದಳು. ನನಗೆ ಅದು ಇಡೀ ಪುಟದ ಗಟ್ಟಿ ವಾಕ್ಯ ಅನ್ನಿಸಿತು. ಎಂಟನೇ ಸೆಮಿಸ್ಟರಿನವರೆಗೆ ಯಾವಾಗ ಯಾವ ಕೋರ್ಸ್ ಅನ್ನುವ ಪಟ್ಟಿಯನ್ನೂ ಲಗತ್ತಿಸಿದಳು. ಅದನ್ನು ಯಾರೂ ಕೇಳಿರಲಿಲ್ಲ. ಆದರೆ ಮೂರನೇ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ ಅಲ್ವಾ?

ಅರ್ಜಿ ಕೊಟ್ಟದ್ದು ಸೆಮಿಸ್ಟರಿನ ನಡುವೆ. ಐದನೇ ಸೆಮಿಸ್ಟರಿನ ನೋಂದಣಿ ತೀರ್ಮಾನಕ್ಕಿಂತ ಮೊದಲೇ ಶುರುವಾಯಿತು. ಪ್ರಾಬಬಿಲಿಟಿಯ ಸೀಟುಗಳು ಮೊದಲ ಸುತ್ತಿನಲ್ಲಿ ಆ ಮೇಜರಿನವರಿಗೇ ಮೀಸಲು. ಇಷ್ಟೆಲ್ಲಾ ಯೋಜನೆ ಮಾಡಿ ಸೀಟು ಸಿಗದೆ ಒಂದು ವರ್ಷ ಹೋಗುವ ಸಂಭವ ಇತ್ತು. ಅರ್ಜಿಯ ಪ್ರತಿ ಮತ್ತು ಪಟ್ಟಿ ಹಿಡಿದು ಅವಳು ವಿಭಾಗದ ಕಚೇರಿಗೆ ಹೋದಳು. ಮುಖ್ಯಸ್ಥರಿಗೆ ವಿಷಯ ಹೇಳಿ ವಿಶೇಷ ಅನುಮತಿ ಪಡೆದಳು. ಇಮೇಲ್‌ನಲ್ಲಿ ಇದು ಆಗುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ನಾಲ್ಕನೇ ಸೆಮಿಸ್ಟರಿನ ಫಲಿತಾಂಶ: ಲೀನಿಯರ್ ಆಲ್ಜೀಬ್ರಾ ಎ ಮೈನಸ್, ಡಿಫರೆನ್ಷಿಯಲ್ ಈಕ್ವೇಷನ್ಸ್ ಬಿ ಪ್ಲಸ್, ಸಂಖ್ಯಾಶಾಸ್ತ್ರ ಎ, ಭಾಷೆ ಬಿ. ಆ ಸೆಮಿಸ್ಟರಿನ ಸರಾಸರಿ 3.5. ಒಟ್ಟು ಜಿಪಿಎ 2.83ಕ್ಕೆ ಬಂತು. ಅರ್ಜಿ ಒಪ್ಪಿಗೆಯಾಯಿತು.

ಈಗ ಅವಳು ಆರನೇ ಸೆಮಿಸ್ಟರಿನಲ್ಲಿದ್ದಾಳೆ. ಪ್ರಾಬಬಿಲಿಟಿ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ, ಬಿ ಮೈನಸ್ ಬಂತು. ಇಷ್ಟಪಟ್ಟು ಬಂದ ವಿಷಯದಲ್ಲೂ ಕಡಿಮೆ ಗ್ರೇಡ್ ಬರುತ್ತದೆ ಅನ್ನುವುದು ಅವಳಿಗೆ ಸ್ವಲ್ಪ ನೋವು ಕೊಟ್ಟಿತು. ಆದರೆ ಈ ಸಲ ಎದ್ದು ಹೋಗೋಣ ಅನ್ನಿಸಲಿಲ್ಲವಂತೆ. ಮಾಹಿತಿ ವಿಶ್ಲೇಷಣೆಯ ಬೇಸಿಗೆ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಕಂಪ್ಯೂಟರ್ ಸೈನ್ಸ್‌ನವರೂ ಅದೇ ಕೆಲಸಕ್ಕೆ ಹಾಕಿದ್ದಾರೆ.

ಸರಪಳಿಯಲ್ಲಿ ಇನ್ನೂ ಸಡಿಲವಿಲ್ಲ. ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಈ ಸೆಮಿಸ್ಟರಿನಲ್ಲೇ, ರಿಗ್ರೆಷನ್ ಏಳರಲ್ಲೇ ಮುಗಿಯಬೇಕು. ಒಂದು ಕೈತಪ್ಪಿದರೂ ಎಂಟರ ಪ್ರಾಜೆಕ್ಟ್ ಕೋರ್ಸ್ ಮುಂದಿನ ವರ್ಷಕ್ಕೆ ಹೋಗುತ್ತದೆ. ರಿಗ್ರೆಷನ್ ಬೇಸಿಗೆಯಲ್ಲಿ ನಡೆಯುತ್ತದೆಯಾ ಅಂತ ವಿಭಾಗವನ್ನು ಕೇಳಿದ್ದೇವೆ. ವಿದ್ಯಾರ್ಥಿಗಳ ಸಂಖ್ಯೆ ನೋಡಿ ಹೇಳುತ್ತೇವೆ ಅಂದಿದ್ದಾರೆ.